ನೀರಿಗೆ ಬಿದ್ದ ಶೇಂಗಾ ಬೀಜ

ನಾನು ಚಿಕ್ಕವಳಿದ್ದಾಗ ನಮ್ಮ ಶೆಟಗೇರಿಯ ಗದ್ದೆಗಳಿಗೆ ಬಿಡುವೇ ಇರಲಿಲ್ಲ ಮಕ್ಕಳೇ. ಭತ್ತ ಕೊಯ್ದು ಮನೆಗೆ ತಂದದ್ದೇ ತಡ, ಅದೇ ಗದ್ದೆಗೆ ಶೇಂಗಾ ಹಾಕುತ್ತಿದ್ದೆವು. ಮಣ್ಣಿನ ತೇವ ಆರುವುದರೊಳಗೆ ಬೀಜ ಬೀಳಬೇಕು, ಇಲ್ಲದಿದ್ದರೆ ಆ ವರ್ಷ ಎರಡನೆಯ ಬೆಳೆ ಇಲ್ಲ. ಅಪ್ಪ ದಿನಾ ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಕೆಳಗೆ ಬೀಳಿಸಿ ನೋಡುತ್ತಿದ್ದ. ಒಂದು ವರ್ಷ ಉಂಡೆ ಎರಡು ಹೋಳಾದ ದಿನ, "ಹದ ಬಂತು, ನಾಳಿಂದ ಹೂಡ್ವ" ಅಂದ. ಮೂರು ಗದ್ದೆ, ಮೂರು ದಿನದ ಕೆಲಸ. ಆ ಸಲ ನೇಗಿಲ ಹಿಂದೆ ಬೀಜ ಬಿಡುವ ಕೆಲಸ ನನಗೂ ಸಿಕ್ಕಿತ್ತು!

ಖುಷಿಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮಳೆಗಾಲದಲ್ಲಿ ಭತ್ತದ ಬೀಜ ನೆನೆಸಿ, ಮೊಳಕೆ ಬರಿಸಿ ಬಿತ್ತುವುದನ್ನು ನೋಡಿದ್ದೆನಲ್ಲ, ಶೇಂಗಾಕ್ಕೂ ಹಾಗೇ ಅಂದುಕೊಂಡೆ. ಅಕ್ಕ ಎಂಟು ದಿನ ಕೂತು, ಹೆಬ್ಬೆರಳು ಕೆಂಪಾಗುವಂತೆ ಸುಲಿದಿಟ್ಟಿದ್ದ ಬೀಜವನ್ನೆಲ್ಲ ಸಂಜೆ ಯಾರಿಗೂ ಹೇಳದೆ ನೀರಿಗೆ ಹಾಕಿಬಿಟ್ಟೆ.

ಬೆಳಿಗ್ಗೆ ಅಕ್ಕ ಚೀರಿದಳು. ಬೀಜಗಳು ಉಬ್ಬಿ, ಕೆಂಪು ಸಿಪ್ಪೆ ಸುಕ್ಕುಗಟ್ಟಿತ್ತು. ಅಪ್ಪ ಒಂದನ್ನು ಬೆರಳಲ್ಲಿ ಒತ್ತಿ ನೋಡಿದ.

"ಎಂತ ಮಾಡಿಟ್ಯೆ ಮಗಾ? ಇದೇನ್ ಭತ್ತನೆ? ನೆನೆದ ಬೀಜ ಇಡೂಕೆ ಆಗೂದಿಲ್ಲ, ನಾಳಿಗೆ ಕೊಳೀತದೆ."

ನಾನು ಅಳತೊಡಗಿದೆ. ಅಪ್ಪ ಪಂಚೆ ಎತ್ತಿ ಕಟ್ಟಿದ.

"ಅಳೂಕೆ ಹೊತ್ತಿಲ್ಲ. ಮೂರೂ ಗದ್ದೆ ಇವತ್ತೇ ಮುಗಿಬೇಕು. ಓಡು, ಎತ್ತು ಹೊಡ್ಕಂಡು ಬರೂಕೆ ದೊಡ್ಡಪ್ಪಗೆ ಹೇಳು!"

ಬೇಲಿ ಹಾರಿ ಓಡಿದೆ. ಪಕ್ಕದ ಮನೆಯ ದೊಡ್ಡಪ್ಪ ನಗುತ್ತಲೇ ಬಂದ. "ಏನಾ ತಮ್ಮಾ, ನಿನ್ ಮಗ್ಳು ಶೇಂಗಾಕ್ಕೂ ಸ್ನಾನ ಮಾಡ್ಸಿದ್ಲಂತೆ!"

ಎರಡು ಜೋಡಿ ಎತ್ತು ಗದ್ದೆಗೆ ಇಳಿದವು. ಅಪ್ಪನ ಹಿಂದೆ ನಾನು, ದೊಡ್ಡಪ್ಪನ ಹಿಂದೆ ಅಕ್ಕ. ಗೇಣಿಗೊಂದು ಬೀಜ. ಒದ್ದೆ ಬೀಜ ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಆಗಷ್ಟೇ ಮಗುಚಿದ ಮಣ್ಣಿನ ಪರಿಮಳ, ಕಾಲಡಿ ಚುಚ್ಚುವ ಭತ್ತದ ಕೂಳೆ, ಹುಳ ಹೆಕ್ಕುತ್ತ ನಮ್ಮ ಹಿಂದೆಯೇ ಬರುವ ಕೊಕ್ಕರೆಗಳು! ನಿಂತು ನೋಡಿದರೆ ಅಕ್ಕ ಅಲ್ಲಿಂದಲೇ ಕೂಗುತ್ತಿದ್ದಳು: "ಬೀಜ ಬಿಡೇ, ಕೊಕ್ಕರೆ ಆಮೇಲೆ ನೋಡ್ವೆ!" ಗಂಜಿಯನ್ನೂ ಗದ್ದೆಯ ಬದುವಿನ ಮೇಲೆ ನಿಂತೇ ಕುಡಿದೆವು. ಕಡಲ ಕಡೆ ಸೂರ್ಯ ಕೆಂಪಾಗುವಾಗ ಕೊನೆಯ ಸಾಲು ಮುಚ್ಚಿತು.

ಆಮೇಲೆ ದಿನಾ ಬೆಳಿಗ್ಗೆ ಹಲ್ಲೂ ಉಜ್ಜದೆ ಗದ್ದೆಗೆ ಓಡುತ್ತಿದ್ದೆ. ಮಣ್ಣು, ಬರೀ ಮಣ್ಣು. ಆರನೆಯ ದಿನ ಮಣ್ಣು ಬಿರಿದು, ಬಗ್ಗಿದ ಕತ್ತಿನ ಬಿಳಿ ಮೊಳಕೆಗಳು ತಲೆ ಎತ್ತಿದ್ದವು! ಅಲ್ಲಲ್ಲಿ ಬೊಕ್ಕಬಾಯಿಯಂತೆ ಖಾಲಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರೂ ಗದ್ದೆ ಸುತ್ತಿದ.

ಈಗ ಟಿಲ್ಲರ್ ಒಂದೇ ಬೆಳಿಗ್ಗೆ ಅಷ್ಟೂ ಗದ್ದೆ ಉತ್ತು ಹೋಗುತ್ತದೆ. ಬೀಜ ಔಷಧಿ ಹಚ್ಚಿಸಿಕೊಂಡು ಗುಲಾಬಿ ಬಣ್ಣದಲ್ಲಿ ಬರುತ್ತದೆ, ನೀವು ಮುಟ್ಟಿದರೆ ನಾನೇ ಗದರುತ್ತೇನೆ. ನಿಮಗೆ ಶೇಂಗಾ ಸಿಗುವುದು ಚಿಕ್ಕಿಯಲ್ಲಿ ಮಾತ್ರ. ಅದಕ್ಕೇ ಈ ಸಲ ಬದುವಿನ ಪಕ್ಕ ಎರಡು ಸಾಲು ನಿಮಗೆಂದೇ ಖಾಲಿ ಬಿಡಿಸಿದ್ದೇನೆ. ಔಷಧಿ ಹಚ್ಚದ ಬೀಜ ನಾನೇ ಸುಲಿದು ಡಬ್ಬಿಯಲ್ಲಿಟ್ಟಿದ್ದೇನೆ. ಭಾನುವಾರ ಬನ್ನಿ. ನೀರಿಗೆ ಹಾಕುವುದಿದ್ದರೆ ಮಾತ್ರ ಮೊದಲೇ ಹೇಳಿ, ಈ ನೋಯುವ ಮಂಡಿಯಲ್ಲಿ ನಾನೂ ಓಡಬೇಕಲ್ಲ!