ಕೊಕ್ಕೆಯಿಲ್ಲದ ಹುಳ

ನಮ್ಮಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಒಮ್ಮೆ ಕೆಮ್ಮುತ್ತೇನೆ. ಕಾಡಿನ, ಹೊಲದ ಇಲಿಗಳ ಕರುಳಿನಿಂದ ಲಾಡಿಹುಳು ತೆಗೆದು, ಕೆಂಪು ಬಣ್ಣ ಹಿಡಿಸಿ, ಗಾಜಿನ ಮೇಲೆ ಚಪ್ಪಟೆಯಾಗಿ ಕೂರಿಸಿ, ಇದು ಯಾವ ಜಾತಿ, ಅದು ಯಾವ ಜಾತಿ ಎಂದು ವಿಂಗಡಿಸುವವಳು ಅವಳು. ನಾನು ದರ್ಜಿ. ಲಾಡಿ ಎಂದರೆ ನನಗೆ ಪೈಜಾಮಕ್ಕೆ ಹಾಕುವುದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ಕೆಲಸದ ತಲೆಬುಡ ನನಗೆ ತಿಳಿದಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ, ಹಿಂದಿನ ವರ್ಷ ತೆಗೆದಿಟ್ಟಿದ್ದ ಹುಳಗಳಲ್ಲಿ ಅಕ್ಕ ಹೊಸ ಜಾತಿಯೊಂದನ್ನು ಕಂಡುಹಿಡಿದಳು. ಆ ಬಗೆಯ ಹುಳಗಳ ಮೂತಿಯ ಸುತ್ತ ಕರುಳನ್ನು ಕಚ್ಚಿ ಹಿಡಿಯಲು ಸಣ್ಣ ಕೊಕ್ಕೆಗಳಿರುತ್ತವಂತೆ. ಇದಕ್ಕೆ ಒಂದೂ ಇರಲಿಲ್ಲ. ಅದಕ್ಕೆ ಅವಳು ಅಪ್ಪನ ಹೆಸರಿಟ್ಟಳು. ಅಮ್ಮ ಕೆಂಡಾಮಂಡಲ.

"ಎಲ್ರೂ ಮೊಮ್ಮಕ್ಕಳಿಗೆ ತಾತನ ಹೆಸರಿಡ್ತಾರೆ. ನೀನು ಜಂತುಹುಳಕ್ಕೆ ಇಟ್ಯೇನೇ?"

ತಿಂಗಳು ಕಳೆಯುವಷ್ಟರಲ್ಲಿ ಅದೇ ಅಮ್ಮ, ಬಟ್ಟೆ ಹೊಲಿಸಲು ಬಂದವರನ್ನೆಲ್ಲ ಹಿಡಿದು ಕೂರಿಸಿ, "ನಮ್ಮೆಜಮಾನ್ರ ಹೆಸರು ಪುಸ್ತಕದಲ್ಲಿ ಬಂದಿದೆ" ಎನ್ನತೊಡಗಿದಳು. ಯಾವುದಕ್ಕೆ ಇಟ್ಟ ಹೆಸರು ಎಂಬುದನ್ನು ಮಾತ್ರ ಗುಳುಂ ಮಾಡುತ್ತಿದ್ದಳು.

ಹಾಗೆಂದು ಅಮ್ಮನ ಸಿಟ್ಟು ಇಳಿದಿತ್ತೆಂದಲ್ಲ. ಅಪ್ಪನಿಗೆ ಎದೆನೋವು ಬಂದ ಬೆಳಿಗ್ಗೆ ಅಕ್ಕನ ಕಾಲೇಜಿಗೆ ಫೋನ್ ಮಾಡಿದ್ದೆವು. ಅವಳು ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ, ಅಪ್ಪ ಇರಲಿಲ್ಲ. "ಇಲಿ ಕುಯ್ದು ಮುಗಿಸಿ ನಿಧಾನವಾಗಿ ಬಂದ್ಳು" ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. ದಾರಿಯಲ್ಲಿ ಬಸ್ ಕೆಟ್ಟಿತ್ತು ಎಂದು ಅಕ್ಕ ಒಂದು ಸಲ ಹೇಳಿದಳು. ಅಮ್ಮ ನಂಬಲಿಲ್ಲ. ಇನ್ನೊಂದು ಸಲ ಹೇಳುವ ಜಾಯಮಾನ ಅಕ್ಕನದಲ್ಲ. ತಾಯಿಯಂತೆ ಮಗಳು, ಇಬ್ಬರದೂ ಒಂದೇ ಹಟ.

ಈ ವರ್ಷ ಅಕ್ಕ ಆ ಹುಳ ಸಿಕ್ಕಿದ್ದ ಹೊಲಗಳಿಂದಲೇ ಮತ್ತೆ ಇಲಿ ಹಿಡಿಸಿ ತರಿಸಿದಳು. ಅಪ್ಪನ ಹೆಸರಿನ ಹುಳ ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಕೊಕ್ಕೆಯಿರುವ ಹುಳ, ಯಾರೋ ಎಂದೋ ಹೆಸರಿಟ್ಟು ಹೋದ ಜಾತಿ. ಆದರೆ ಉದ್ದ, ಅಗಲ, ಒಳಗಿನ ಮೊಟ್ಟೆ ಎಲ್ಲ ಅಪ್ಪನ ಹುಳದ ಹಾಗೇ. ಅಕ್ಕನ ತಲೆ ಕೆಟ್ಟು ಕೆರ ಹಿಡಿಯಿತು. ಊಟ ಮುಗಿಸಿ ಕೈ ತೊಳೆದು ಬಂದವಳು ಮತ್ತೆ ತಟ್ಟೆ ಹಾಕಿಕೊಂಡು ಕೂರುತ್ತಿದ್ದಳು. ಒಂದು ದಿನ ಅನ್ನ ಬಡಿಸುತ್ತಾ, "ಒಂದೇನಾ, ಎರಡಾ?" ಎಂದಳು. ನಾನು, "ಎರಡು ಸೌಟು ಹಾಕು" ಎಂದೆ. ಅವಳು ತನ್ನಷ್ಟಕ್ಕೆ ಕೇಳಿಕೊಂಡದ್ದು ಹುಳದ ಜಾತಿ ಒಂದೋ ಎರಡೋ ಎಂದು. ನೋಡಿ ನೋಡಿ ನನಗೂ ತಲೆ ಗಿರ್ರೆಂದಿತು.

ಮೊನ್ನೆ ಸಂಜೆ ಅಂಗಡಿಯ ಮುಂದಿನ ಕೋಣೆಯಲ್ಲಿ ಅಮ್ಮ ರವಿಕೆಗಳಿಗೆ ಹುಕ್ಕು ಹಾಕುತ್ತಾ ಕೂತಿದ್ದಳು. ಅಕ್ಕ ಬಂದು ಚಪ್ಪಲಿಯನ್ನೂ ಬಿಡದೆ ನಿಂತಳು.

"ಅಮ್ಮಾ, ಅಪ್ಪನ ಹೆಸರು ತೆಗೀಬೇಕು."

"ಯಾಕೇ? ಹುಳ ಸತ್ತೋಯ್ತಾ?"

"ಹುಳ ಇದೆ. ಅಂಥ ಜಾತಿ ಇಲ್ಲ."

"ಹುಳ ಇದೆ, ಜಾತಿ ಇಲ್ಲ ಅಂದ್ರೆ ಏನಕ್ಕಾ?" ಎಂದೆ ನಾನು. ಕತ್ತರಿ ಎಲ್ಲಿಟ್ಟೆ ಎಂಬುದೂ ಮರೆತುಹೋಗಿತ್ತು.

ಅಕ್ಕ ಬಿಡಿಸಿ ಹೇಳಿದಳು. ಹೊಸದಾಗಿ ತಂದ ಸತ್ತ ಇಲಿಗಳಲ್ಲಿ ಅರ್ಧವನ್ನು ಆವತ್ತೇ ಕುಯ್ದಿದ್ದಳು, ಉಳಿದರ್ಧವನ್ನು ಬೇಕೆಂದೇ ಮೂರನೇ ದಿನಕ್ಕೆ ಬಿಟ್ಟಿದ್ದಳು. "ಇಲಿ ಸತ್ತ ಮೇಲೆ ಹಾಗೇ ಬಿಟ್ರೆ ಒಳಗಿರೋ ಹುಳಾನೂ ಕೊಳೆಯುತ್ತೆ. ಕೊಕ್ಕೆ ಉದುರಿಹೋಗುತ್ತೆ. ನಾನು ಹೊಸದು ಅಂದ್ಕೊಂಡಿದ್ದು ಕೊಕ್ಕೆ ಉದುರಿದ ಹಳೇ ಹುಳಾನೇ. ಎರಡೂ ಒಂದೇ ಆದ್ರೆ ಹಳೇ ಹೆಸರೇ ಉಳಿಯೋದು. ತಪ್ಪಾಯ್ತು ಅಂತ ನಾನೇ ಬರೆದು ಕಳಿಸ್ಬೇಕು."

"ಸುಮ್ನಿರಕ್ಕಾ. ಇಲಿ ಹೊಟ್ಟೇಲಿರೋ ವಿಷ್ಯ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗಿದ್ಯಲ್ಲೋ."

ಅವಳ ಕಣ್ಣು ತುಂಬಿತ್ತು. ನನಗೆ ಅಯ್ಯೋ ಎನ್ನಿಸಿತು. ಅಪ್ಪನ ಹೆಸರು ಹೋಗುತ್ತದೆಂದೋ, ಇವಳು ಅಳುತ್ತಾಳೆಂದೋ, ನನಗೇ ತಿಳಿಯಲಿಲ್ಲ.

ಅಮ್ಮನ ಸೂಜಿ ನಿಂತಿತ್ತು. "ನೀನು ತಂದ ಇಲಿ ಆವತ್ತೇ ಕುಯ್ಯೋಳು. ನಿಮ್ಮಪ್ಪನ ಹೆಸರಿನ ಹುಳ ಸಿಕ್ಕ ಇಲೀನ ಆಗ ಯಾಕೆ ಬಿಟ್ಟಿದ್ದೆ?"

"ಬೆಳಿಗ್ಗೆ ಮೇಜಿನ ಮೇಲೆ ಸಾಲಾಗಿ ಇಟ್ಕೊಂಡಿದ್ದೆ. ಫೋನ್ ಬಂತು. ಹಾಗೇ ಬಿಟ್ಟು ಓಡಿ ಬಂದೆ. ಅಪ್ಪನ್ನ ಕಳಿಸ್ಕೊಟ್ಟು ವಾಪಸ್ ಹೋಗಿ ಕುಯ್ದಿದ್ದು ಮೂರನೇ ದಿನ."

ಅಮ್ಮ ಸೂಜಿಯನ್ನು ರವಿಕೆಗೆ ಚುಚ್ಚಿಟ್ಟಳು.

"ಒಂದನ್ನೂ ಕುಯ್ದಿರ್ಲಿಲ್ವೇನೇ?"

"ಒಂದನ್ನೂ ಇಲ್ಲಮ್ಮ."

ಅಮ್ಮ ರವಿಕೆಯನ್ನು ಪಕ್ಕಕ್ಕಿಟ್ಟು, ಕೆಂಪು ಬಣ್ಣ ಮೆತ್ತಿದ್ದ ಅಕ್ಕನ ಕೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

"ಹೋದ್ರೆ ಹೋಗ್ಲಿ, ತೆಗೆದ್ಹಾಕು ಆ ಹೆಸರು" ಎಂದಳು. "ನಿಮ್ಮಪ್ಪಂಗೆ ನಾನು ಹೇಳ್ಕೋತೀನಿ."