ಗೇಟಿಗೆ ಬಿದ್ದ ವೋಟು

ಜನರನ್ನೇ ಕೇಳಿ ತೀರ್ಮಾನ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ನನಗೀಗ ಸಿಟ್ಟು ಬರುತ್ತದೆ. ಮಂಗಳೂರಿನ ಪಡೀಲಿನ ನಮ್ಮ ರಸ್ತೆಗೆ ಗೇಟು ಬಂದದ್ದು ಹಾಗೆ ಕೇಳಿಯೇ.

ರಸ್ತೆ ಮುಗಿಯುವಲ್ಲಿ, ತಗ್ಗಿನಲ್ಲಿ, ಬೀಡಿ ಕಟ್ಟುವವರ ಆರು ಮನೆಗಳಿವೆ. ಅಲ್ಲಿಗೆ ರಿಕ್ಷಾ ಹೋಗಬೇಕಾದರೆ ನಮ್ಮ ಮನೆಗಳನ್ನು ದಾಟಿಯೇ ಹೋಗಬೇಕು. ಇನ್ನೊಂದು ದಾರಿಯನ್ನು ಒಳಚರಂಡಿಗೆಂದು ಅಗೆದು ಹಾಗೆಯೇ ಬಿಟ್ಟಿದ್ದಾರೆ. ಆ ಮನೆಗಳಲ್ಲಿ ಒಬ್ಬಾಕೆಯ ಗಂಡನಿಗೆ ವಾರಕ್ಕೆ ಮೂರು ಸಲ ಅತ್ತಾವರದ ಆಸ್ಪತ್ರೆಯಲ್ಲಿ ಡಯಾಲಿಸಿಸ್.

ಕಳ್ಳರ ಭಯವೆಂದು ನಮ್ಮವರು ತಗ್ಗಿನ ಕಡೆಗೆ ಗೇಟು ಕೇಳಿದರು. ಕಾರ್ಪೊರೇಟರ್ ಬಂದು ನೋಡಲೂ ಇಲ್ಲ.

"ನನ್ನದೆಂತ ಉಂಟು? ನಿಮ್ಮ ವಾಟ್ಸಾಪ್ ಗ್ರೂಪಲ್ಲಿ ವೋಟಿಗೆ ಹಾಕಿ. ಜನ ಹೇಳಿದ ಹಾಗೆ ಮಾಡುವ."

ಇವರನ್ನು ಆರಿಸಿ ಕಳಿಸಿದ್ದು ಮತ್ತೆ ಯಾತಕ್ಕೆ?

ಪ್ರಶ್ನೆ ಒಂದೇ ಸಾಲಿನದು: ನಮ್ಮ ರಸ್ತೆಗೆ ಭದ್ರತೆ ಬೇಕೇ, ಬೇಡವೇ? ಭದ್ರತೆ ಬೇಡ ಎನ್ನುವವರು ಯಾರು? ನಾನೂ 'ಬೇಕು' ಒತ್ತಿದೆ. ಒತ್ತಿದ ಮೇಲೆ ಆ ರೋಗಿಯ ನೆನಪಾಯಿತು. ಗೇಟು ಬಂದರೆ ಅವರಿಗೆ ರಿಕ್ಷಾದ ದಾರಿ ಮುಚ್ಚುತ್ತದೆಂದು ಒಂದೊಂದೇ ಅಕ್ಷರ ಹುಡುಕಿ ನಾಲ್ಕು ಸಾಲು ಬರೆದು ಕಳಿಸುವಷ್ಟರಲ್ಲಿ ನಮ್ಮ ರಸ್ತೆಯ ಅಸೋಸಿಯೇಷನ್ ಅಧ್ಯಕ್ಷರು ಬಹುಮತ ಬಂತೆಂದು ಕೈಮುಗಿದಾಗಿತ್ತು. ಮನೆಗೆ ಬೀಗ ಹಾಕಿ ದುಬೈ, ಮಸ್ಕತ್ತಿನಲ್ಲಿರುವವರೂ ಅಲ್ಲಿಂದಲೇ 'ಬೇಕು' ಎಂದಿದ್ದರು. ತಗ್ಗಿನ ಆರು ಮನೆಯವರಂತೂ ಗ್ರೂಪಿನಲ್ಲೇ ಇರಲಿಲ್ಲ.

ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿಗೆ ಕೂತವನು ನಾನು. ಆ ಪರೀಕ್ಷೆಯಲ್ಲೂ ಸರಿ-ತಪ್ಪು ಗುರುತಿಸುವುದಕ್ಕೆ ಒಂದು ಅಂಕ, ಕಾರಣ ಕೊಡುವುದಕ್ಕೆ ನಾಲ್ಕು. ಇಲ್ಲಿ ಕಾರಣ ಕೇಳುವವರೇ ಇಲ್ಲ.

ಕಾರ್ಪೊರೇಟರಿಗೆ ಫೋನು ಮಾಡಿದೆ.

"ಈಗ ನಾನು ಬೇಡ ಹೇಳಿದರೆ ಜನರಿಗೇ ವಿರುದ್ಧ ಆಗ್ತದೆ ಮಾರಾಯ್ರೆ. ನೀವೂ ಬೇಕು ಅಂತ ಹಾಕಿದ್ದೀರಲ್ಲ?"

ಹೆಸರು ನೋಡಿಟ್ಟುಕೊಂಡಿದ್ದರು. ಬಂದು ನೋಡಲು ಮಾತ್ರ ಪುರುಸೊತ್ತಿಲ್ಲ!

ವಾರದೊಳಗೆ ಗೇಟು ನಿಂತಿತು, ಬೀಗವೂ ಬಿತ್ತು. ನಡೆದು ಹೋಗುವವರಿಗೆಂದು ಪಕ್ಕದಲ್ಲಿ ಒಂದು ಸಂದಿ ಬಿಟ್ಟರು. ಮರುದಿನ ಬೆಳಿಗ್ಗೆ ರಿಕ್ಷಾ ಗೇಟಿನ ಈಚೆ ಕಾಯುತ್ತಿತ್ತು. ಆ ರೋಗಿಯ ಹೆಂಡತಿ ಮತ್ತು ಪಕ್ಕದ ಮನೆಯ ಹೆಂಗಸು ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ಏರು ಹತ್ತಿ ಬಂದರು. ಗೇಟಿನ ಹತ್ತಿರ ಕುರ್ಚಿ ಇಳಿಸಿ ಉಸಿರು ತೆಗೆದುಕೊಳ್ಳುವಾಗ ಆಕೆ ಈಚೆ ನಿಂತಿದ್ದ ನನ್ನನ್ನು ನೋಡಿದಳು.

"ವೋಟು ಆಯ್ತಂತೆ ಅಲ್ವಾ ಅಣ್ಣ. ನೀವೆಂತ ಹಾಕಿದ್ದು?"

ಸುಳ್ಳು ಹೇಳಬಹುದಿತ್ತು. "ಬೇಕು ಅಂತ," ಎಂದೆ. "ಗೇಟಿನ ವಿಷಯ ಅಂತ ಅದರಲ್ಲಿ..."

"ಆಯ್ತು, ಬಹುಮತದವರು ಅಲ್ಲೇ ನಿಂತ್ರೆ ಹೇಗೆ? ಈ ಕಡೆ ಬಂದು ಹಿಡೀರಿ."

ಕುರ್ಚಿ ಸಂದಿಯಲ್ಲಿ ಹಿಡಿಸಲಿಲ್ಲ. ಅವನನ್ನು ಎಬ್ಬಿಸಿ, ಅವನ ಎರಡೂ ಕೈಗಳನ್ನು ನನ್ನ ಕುತ್ತಿಗೆಗೆ ಹಾಕಿಸಿಕೊಂಡು, ಅಡ್ಡಡ್ಡವಾಗಿ ನುಸುಳಿ ರಿಕ್ಷಾದವರೆಗೆ ತಂದೆ. ಕೂತ ಮೇಲೆ ಅವನು ನನಗೆ ಥ್ಯಾಂಕ್ಸ್ ಹೇಳಿದ. ಆಕೆ ಹೇಳಲಿಲ್ಲ.