ಉಡಿದಾರದ ಕೀ

ನಮ್ಮ ವಕೀಲರ ಕರಿ ಕೋಟು ಯಾವಾಗಲೂ ಎಡಕ್ಕೆ ಜೋತಿರುತ್ತಿತ್ತು. ಆ ಕಡೆಯ ಜೇಬಿನ ತುಂಬ ಕೀಗಳು: ಬೈಕಿನವು, ಆಟೋದವು, ಟ್ರ್ಯಾಕ್ಟರಿನವು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಅವರು ಇಳಿದರೆ ಆಳು ಕಾಣುವ ಮೊದಲೇ ಕೀಗಳ ಸದ್ದು ಕೇಳಿಸುತ್ತಿತ್ತು. ಸ್ವಂತಕ್ಕೆ ಒಂದು ಸೈಕಲ್ಲೂ ಇರಲಿಲ್ಲ.

ಡಿಎಲ್ ಅಮಾನತಾದವರ ಪರವಾಗಿ ಸಾರಿಗೆ ಅಧಿಕಾರಿಯ ಮುಂದೆ ವಾದಿಸುವುದು ಅವರ ಕಸುಬು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಜನ ಬರುತ್ತಿದ್ದರು. ಯಾರೇ ಬರಲಿ, ಮೊದಲ ಮಾತು ಒಂದೇ: "ಕೀ ಕೊಟ್ಟು ಆಮೇಲೆ ಕೂತ್ಕೊ." ಅಮಾನತಿನ ವಿಚಾರಣೆಗೇ ಗಾಡಿ ಓಡಿಸಿಕೊಂಡು ಬರುವ ಮಹಾಶಯರನ್ನು ಅವರು ಬೇಕಾದಷ್ಟು ಕಂಡಿದ್ದರು.

ನಾನು ಸಿಕ್ಕಿಬಿದ್ದದ್ದು ಕಂಪಲಾಪುರದಿಂದ ಹನಗೋಡಿಗೆ ಬೀಗರೂಟಕ್ಕೆ ಹೊರಟ ನೆಂಟರನ್ನೆಲ್ಲ ನನ್ನ ಗೂಡ್ಸ್ ಗಾಡಿಯಲ್ಲಿ ತುಂಬಿಕೊಂಡು ಹೋಗಿ. ಬಾಡೂಟ ಅವರಿಗೆ, ನೋಟಿಸು ನನಗೆ. ಡಿಎಲ್ ಅಮಾನತು ಮಾಡಿ, ಎರಡನೇ ಸಲವಾದ್ದರಿಂದ ಅದನ್ನು ಪೂರ್ತಿ ಏಕೆ ರದ್ದು ಮಾಡಬಾರದು ಎಂದು ಕೇಳಿದ್ದರು. ಸ್ಟಿಯರಿಂಗ್ ಬಿಟ್ಟರೆ ನನಗೆ ಬೇರೆ ಕೆಲಸವೇ ಗೊತ್ತಿಲ್ಲ.

"ಇನ್ನೊಂದು ಕೀ ಇದ್ಯಾ?" ಎಂದು ವಕೀಲರು ಮೂರು ಸಲ ಕೇಳಿದ್ದರು. ಮೂರು ಸಲವೂ ಇಲ್ಲ ಎಂದಿದ್ದೆ.

ವಿಚಾರಣೆಯ ದಿನ ನನ್ನ ಕೀಯನ್ನು ಸಾಹೇಬರ ಮೇಜಿನ ಮೇಲಿಟ್ಟು, "ಸಾರ್, ಇವನು ಗಾಡಿ ಓಡಿಸಿ ಎರಡು ತಿಂಗಳಾಯ್ತು. ಇರೋದೊಂದೇ ಕೀ, ನನ್ನ ಜೇಬಲ್ಲಿತ್ತು" ಎಂದರು. ಆ ಮಾತಿಗೆ ಉಬ್ಬಿಹೋದ ನಾನು ಸಾಹೇಬರ ಕಾಲಿಗೆ ಬೀಳಲು ಬಗ್ಗಿದೆ. ಉಡಿದಾರಕ್ಕೆ ಕಟ್ಟಿಕೊಂಡಿದ್ದ ಡೂಪ್ಲಿಕೇಟ್ ಕೀ ಅಂಗಿಯ ಕೆಳಗಿಂದ ಜಾರಿ ತೂಗಾಡಿತು.

"ಇದ್ಯಾವುದಯ್ಯಾ?" ಎಂದರು ಸಾಹೇಬರು.

"ಓಡ್ಸಿಲ್ಲ ಸ್ವಾಮಿ. ದಿನಾ ಒತ್ತಾರೆ ಒಂದ್ಗಳಿಗೆ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ. ಇಲ್ದಿದ್ರೆ ಬ್ಯಾಟ್ರಿ ಒಂಟೋಯ್ತದೆ."

ವಕೀಲರ ಮುಖ ಇಂಗು ತಿಂದ ಮಂಗನಂತಾಯಿತು. ಒಂದು ಕ್ಷಣ ಅಷ್ಟೇ. "ತಪ್ಪು ನಂದು ಸಾರ್. ಇನ್ನೊಂದಿದ್ಯಾ ಅಂತ ಕೇಳೋದೇ ಮರೆತೆ" ಎಂದು ಮಂಡಿಯೂರಿ ಗಂಟು ಬಿಚ್ಚತೊಡಗಿದರು. ನಮ್ಮವ್ವ ಹಾಕಿದ ಗಂಟು, ಜಪ್ಪಯ್ಯ ಅಂದರೂ ಬಿಡಲಿಲ್ಲ. ಬದುಕಿರುವ ಗಂಡಸಿನ ಉಡಿದಾರಕ್ಕೆ ಕತ್ತರಿ ಹಾಕಬಾರದು ಎಂದು ನಾನು ಹಟ ಹಿಡಿದೆ. ಕೊನೆಗೆ ಆ ಎಪ್ಪತ್ತರ ಹಿರಿಯರು ನನ್ನ ಸೊಂಟಕ್ಕೆ ಬಾಯಿ ಹಾಕಿ ಹಲ್ಲಿನಲ್ಲಿ ಗಂಟು ಬಿಡಿಸಿದರು. ಸಾಹೇಬರು ಫೈಲನ್ನು ಮುಖಕ್ಕೆ ಹಿಡಿದು ನಕ್ಕರು.

"ರದ್ದು ಮಾಡಲ್ಲ. ಇನ್ನೊಂದು ತಿಂಗಳು ಕಳೆದ ಮೇಲೆ ಓಡಿಸ್ಲಿ. ಮೊದಲು ನೀವು ಎದ್ದೇಳಿ ವಕೀಲ್ರೇ."

ಹೊರಗೆ ಬಂದ ಮೇಲೆ ವಕೀಲರು ಎರಡೂ ಕೀಗಳನ್ನು ಜೇಬಿಗೆ ಹಾಕಿಕೊಂಡು, "ಮೂರ್ ಸಲ ಕೇಳಿದ್ದೆ ಕಣಯ್ಯಾ" ಎಂದರು. ಬೈದಿದ್ದರೇ ವಾಸಿಯಿತ್ತು. ಅವತ್ತಿನಿಂದ ನಾನು ತಿನ್ನುವ ಅನ್ನ ಅವರದು.

ಹೋದ ವರ್ಷ ಅವರು ತೀರಿಕೊಂಡರು. ಲಕ್ಷ್ಮಣತೀರ್ಥ ಹೊಳೆಯ ದಡಕ್ಕೆ ಒಯ್ಯಲು ಮನೆಯವರು ನನ್ನ ಗಾಡಿಯನ್ನೇ ಕರೆಸಿದರು. ಅವರನ್ನು ಮಲಗಿಸಿದ್ದೇ ತಡ, ಹತ್ತಾರು ಜನ ಹಿಂದೆ ಹತ್ತಿ ನಿಂತರು. ಮುಕ್ಕಾಲು ಪಾಲು ಅವರ ಹಳೇ ಕಕ್ಷಿದಾರರೇ. ನಾನು ಗಾಡಿ ಆಫ್ ಮಾಡಿ ಇಳಿದು ಹಿಂದಕ್ಕೆ ಹೋದೆ.

"ಎಲ್ರೂ ಇಳೀರಿ. ಗೂಡ್ಸ್ ಗಾಡಿ ಕಣ್ರಪ್ಪಾ ಇದು. ಅವ್ರಿದ್ದಿದ್ರೆ ಸುಮ್ಕಿರೋರಾ?"

ಎಲ್ಲರೂ ಇಳಿದು ನಡೆದರು. ನಾನು ಅವರ ನಡಿಗೆಗೆ ಸರಿಯಾಗಿ ಫಸ್ಟ್ ಗೇರಿನಲ್ಲೇ ಹೋದೆ. ಹಿಂದೆ ವಕೀಲರೊಬ್ಬರೇ. ಕಾನೂನಿನಲ್ಲಿ ಅವರು ಜನವೋ ಲಗೇಜೋ ನನಗೆ ಗೊತ್ತಿಲ್ಲ. ಅದನ್ನು ವಾದಿಸಬೇಕಾದವರು ಸುಮ್ಮನೆ ಮಲಗಿದ್ದರು.